ಹಗಲು ಮಲಗಬಾರದು

ನವೆಂಬರ್ 4, ಸೋಮವಾರ

ನಾಲ್ಕು ಗಂಟೆ ಹತ್ತು ನಿಮಿಷ. ಎಬ್ಬಿಸಿದ್ದು ಪಕ್ಕದ ಮನೆಯ ನಬಿಲಾಲರ ಪಿಕಪ್ ಗಾಡಿ. ಅದು ಹಿಂದಕ್ಕೆ ಸರಿಯುವಾಗ ಕೀಂ ಕೀಂ ಎಂದು ಒಂದು ಹಾಡು ಬಾರಿಸುತ್ತದೆ. ಲಿಂಬೆಹಣ್ಣಿನ ಚೀಲ ಹೇರಿಕೊಂಡು ವಿಜಯಪುರಕ್ಕೆ ಹೊರಡುವ ಮುನ್ನ ನಮ್ಮ ಗೋಡೆಯ ತನಕ ಬಂದು ತಿರುಗುತ್ತದೆ. ನಿನ್ನೆಯವರೆಗೆ ಆ ಸದ್ದು ಕೇಳಿದರೆ ಮೈ ಉರಿಯುತ್ತಿತ್ತು. ಇವತ್ತು ಉರಿಯಲಿಲ್ಲ. ಕೌಸರ ಕೊಟ್ಟ ಹಾಳೆಯ ಮೊದಲ ಸಾಲೇ ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕು ಎಂದಿದೆ. ನಬಿಲಾಲರು ಪುಕ್ಕಟೆ ಎಬ್ಬಿಸಿದ ಹಾಗಾಯಿತು.

ಕೌಸರ ಅಂದರೆ ಬಸವನ ಬಾಗೇವಾಡಿಯ ಕಾಲೇಜಿನಲ್ಲಿ ಪಿಯುಸಿಯ ಎರಡು ವರ್ಷ ನನ್ನ ಬೆಂಚಿನಲ್ಲಿ ಕೂತವಳು. ನಾನು ವಿಜಯಪುರಕ್ಕೆ ಹೋಗಿ ಬಿಎಸ್‌ಸಿ ಮಾಡಿದೆ. ಅವಳು ಆಯುರ್ವೇದ ಓದಿ ಈಗ ಸಿಂದಗಿಯಲ್ಲಿ ಡಾಕ್ಟರು. ಹೋದ ವಾರ ನಮ್ಮ ಇಂಡಿಯಲ್ಲಿ ಅವಳದೊಂದು ಶಿಬಿರವಿತ್ತು. ನನ್ನ ಕೂಸು ವಸುವನ್ನು ಹೆಗಲಿಗೆ ಹಾಕಿಕೊಂಡು ಹೋಗಿದ್ದೆ. ಓಜಸ್ಸಿನ ಬಗ್ಗೆ ಹೇಳಿದಳು. ತಿಂದ ಅನ್ನ ರಸವಾಗಿ, ರಕ್ತವಾಗಿ, ಮಾಂಸ, ಮೇದಸ್ಸು, ಎಲುಬು ಎಲ್ಲ ದಾಟಿ ಕೊನೆಗೆ ಉಳಿಯುವ ಸಾರವಂತೆ ಅದು. ಹೃದಯದಲ್ಲಿ ಇರುವುದು ಎಂಟೇ ಹನಿ ಎಂದು ಹಿಂದಿನವರು ಹೇಳುತ್ತಿದ್ದರಂತೆ. ನಾನು ರಸಾಯನಶಾಸ್ತ್ರ ಓದಿದವಳು, ಇಂಥದನ್ನು ನಂಬಬಾರದು. ಆದರೆ ಮೂರೂವರೆ ತಿಂಗಳಿಂದ ನೆಟ್ಟಗೆ ನಿದ್ದೆ ಕಾಣದವಳಿಗೆ, ತನ್ನ ಹತ್ತಿರ ಈಗ ಎಷ್ಟು ಹನಿ ಉಳಿದಿರಬಹುದು ಎಂದು ಅನ್ನಿಸದೆ ಇರುತ್ತದೆಯೇ.

ಶಿಬಿರ ಮುಗಿದ ಮೇಲೆ ಹಾಳೆ ಹಂಚಿದರು. ಹದಿನಾಲ್ಕು ಸಾಲು. ನನ್ನ ಕೈಯಲ್ಲಿ ಅದನ್ನು ಕಂಡು ಕೌಸರ, "ಇದು ಎಲ್ಲಾರಿಗಿ ಅಂತ ಮಾಡಿದ್ದಲೇ ಮುಕ್ತಾ. ನೀ ಕೂಸಿನ ತಾಯಿ, ನಿಂದ ಬ್ಯಾರೆ ಐತಿ. ಒಂದಿನ ಸಿಂದಗಿಗಿ ಬಾ, ಕುಂತ ಮಾತಾಡೂನು" ಅಂದಳು. ಅವಳ ಹಿಂದೆ ಮಂದಿ ಸಾಲುಗಟ್ಟಿ ನಿಂತಿದ್ದರು. ಬರ್ತೇನಿ ಅಂದೆ. ಹಾಳೆ ಕೈಯಲ್ಲೇ ಇರುವಾಗ ಸಿಂದಗಿಗೆ ಯಾಕೆ ಹೋಗಬೇಕು.

ನಿಜವಾದ ಚಿಂತೆ ಬೇರೆ. ವಸುವಿನ ತೂಕ ಏರುತ್ತಿಲ್ಲ. ನಬಿಲಾಲರ ಹೆಂಡತಿ ಲಾಲಬಿ ಅಕ್ಕ ನಮ್ಮ ಓಣಿಯ ಆಶಾ ಕಾರ್ಯಕರ್ತೆ. ಶನಿವಾರ ಅಂಗನವಾಡಿಯಲ್ಲಿ ತೂಗಿದರು. ನಾಲ್ಕು ಕಿಲೊ ಒಂಬೈನೂರು. ಹದಿನೈದು ದಿನದ ಹಿಂದೆಯೂ ಅಷ್ಟೇ. ಕಾರ್ಡಿನ ಮೇಲೆ ಏರುತ್ತ ಹೋಗಬೇಕಾದ ಗೆರೆ ಅಡ್ಡ ಮಲಗಿಬಿಟ್ಟಿದೆ.

"ಅಂಜಬ್ಯಾಡ್ರಿ ವೈನಿ" ಅಂದರು ಲಾಲಬಿ ಅಕ್ಕ. "ತಿಂಗಳ ಕಡೀಕ ಮತ್ತ ತೂಗೂನು. ಆವಾಗೂ ಏರಲಿಲ್ಲಂದ್ರ ದೊಡ್ಡ ದವಾಖಾನಿಗಿ ತೋರಸೂನು. ಪುಡಿ ಹಾಲು ಹಚ್ಚಂತಾರೇನೋ."

ಅಂಜಬೇಡಿ ಅಂದವರೇ ಅಂಜುವ ಮಾತು ಹೇಳಿ ಹೋದರು. ನನ್ನ ಹಾಲು ಸಾಲುತ್ತಿಲ್ಲ ಅಂದ ಹಾಗಾಯಿತು. ಮೈಯಲ್ಲಿ ಸಾರವಿದ್ದರೆ ತಾನೆ ಹಾಲು. ಅದಕ್ಕೇ ಈ ನೋಟ್‌ಬುಕ್ಕು. ಕಾಲೇಜಿನಲ್ಲಿ ಪ್ರಾಕ್ಟಿಕಲ್ ರೆಕಾರ್ಡ್ ಬರೆದ ಹಾಗೆ ಬರೆಯುತ್ತೇನೆ, ಯಾರಿಗೂ ತೋರಿಸಬೇಕಾಗಿಲ್ಲ. ತಿಂಗಳ ಕೊನೆಗೆ ತೂಗುವ ತನಕ, ಹದಿನಾಲ್ಕಕ್ಕೆ ಹದಿನಾಲ್ಕು.

ನವೆಂಬರ್ 5, ಮಂಗಳವಾರ

ಇವತ್ತು ಹನ್ನೊಂದು.

ಬಿಸಿನೀರು ಕುಡಿದೆ. ಬೇವಿನ ಕಡ್ಡಿ ಜಗಿದೆ. ತಾಮ್ರದ ಪಟ್ಟಿಯಿಂದ ನಾಲಿಗೆ ಹೆರೆದೆ; ನಾಲಿಗೆಯ ಮೇಲೆ ಅಷ್ಟೊಂದು ಇರುತ್ತದೆ ಎಂದು ಗೊತ್ತಿರಲಿಲ್ಲ. ಆಮೇಲೆ ಬಾಯಿ ತುಂಬ ಎಳ್ಳೆಣ್ಣೆ ಹಿಡಿದು ಹತ್ತು ನಿಮಿಷ ಕೂಡಬೇಕು. ಅದೇ ಹೊತ್ತಿಗೆ ಅತ್ಯಾ ಬಾಗಿಲಿನಿಂದ, "ಹಾಲಿನಾಂವ ಬಂದಾನ ಮುಕ್ತಾ, ಎಷ್ಟ ತೊಗೊಳ್ಳಿ?" ಎಂದು ಕೇಳಿದರು. ಎರಡು ಬೆರಳು ತೋರಿಸಿದೆ. "ಬಾಯಿಗೆ ಏನಾಗ್ಯದ?" ಅಂದರು. ಏನೂ ಆಗಿಲ್ಲ ಎಂದು ತಲೆ ಆಡಿಸಿ ಮತ್ತೆ ಎರಡು ಬೆರಳು ತೋರಿಸಿದೆ. ಅವರು ಎರಡೂ ಸಲದ ಬೆರಳು ಕೂಡಿಸಿ ನಾಲ್ಕು ಲೀಟರ್ ಹಾಕಿಸಿಕೊಂಡರು. ಮಧ್ಯಾಹ್ನವೆಲ್ಲ ಖವಾ ಕಾಯಿಸುವುದೇ ಆಯಿತು.

"ನಮ್ಮ ಸೊಸಿ ಋಷಿ ಆಗ್ಲಿಕ್ಕತ್ತಾಳ" ಎಂದು ಖವಾ ತಿರುವುತ್ತ ಹೇಳಿದರು. "ಇನ್ನ ಗಡ್ಡ ಒಂದ ಬಾಕಿ ಅದ."

ಮಾವನವರು ಹೋದ ಮೇಲೆ ಈ ಮನೆಯಲ್ಲಿ ಅತ್ಯಾ ನಾಲ್ಕು ವರ್ಷ ಹೆಚ್ಚುಕಡಿಮೆ ಒಬ್ಬರೇ ಇದ್ದವರು. ಮಗ ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರು, ಶನಿವಾರ ರಾತ್ರಿ ಬಂದು ಸೋಮವಾರ ನಸುಕಿನಲ್ಲಿ ಹೋಗುತ್ತಾರೆ. ಮಡಿ, ಸಂಪ್ರದಾಯ ಎಲ್ಲ ಅತ್ಯಾರದು ಕಟ್ಟುನಿಟ್ಟು. ಬಾಯಿ ಮಾತ್ರ ಸಡಿಲು. ನಾನು ಹೂವಿನ ಹಿಪ್ಪರಗಿಯ ತವರಿನಲ್ಲಿ ಬಾಣಂತನ ಮುಗಿಸಿ ಇಲ್ಲಿಗೆ ಬಂದು ಇಪ್ಪತ್ತು ದಿನವಾಯಿತು. ಮೊಣಕಾಲು ನೋವಿಗೆ ಅವರು ನೆಲಕ್ಕೆ ಕೂಡಲಾರರು. ಹೀಗಾಗಿ ಕೂಸಿಗೆ ಎಣ್ಣೆ, ಎರೆಯುವುದು ಎಲ್ಲ ನಾನೇ.

ಎರಡು ಗಂಟೆಗೆ ವಸು ಮಲಗಿದಳು. "ರಾತ್ರಿ ಐದ ಸಲ ಎದ್ದೀ. ನೀನೂ ಬಗಲಾಗ ಮಲ್ಕೊ" ಅಂದರು ಅತ್ಯಾ. ಹಾಳೆಯ ಹನ್ನೊಂದನೆಯ ಸಾಲು ತೋರಿಸಿದೆ. ಹಗಲು ಮಲಗಬಾರದು, ಕಫ ಏರುತ್ತದೆ, ಮೈ ಜಡವಾಗುತ್ತದೆ. ಅವರು ಚಾಳೀಸು ಇಲ್ಲದೆ ಹಾಳೆಯನ್ನು ಮಾರುದೂರ ಹಿಡಿದು ಓದಿದರು.

"ಯಾರಿಗೆ ಬರದದ್ದು ಇದು?"

"ಎಲ್ಲಾರಿಗೂ ಅತ್ಯಾ."

"ಎಲ್ಲಾರೂ ಹಡದಾರೇನು?"

ನಗು ಬಂತು. ಆದರೆ ಮಲಗಲಿಲ್ಲ. ಹತ್ತಿ ಬಿಡಿಸಿ ಬತ್ತಿ ಹೊಸೆಯುತ್ತ ಕೂತೆ.

ನವೆಂಬರ್ 8, ಶುಕ್ರವಾರ

ಹದಿಮೂರು.

ಬರೆಯದೆ ಇರಲಾಗುವುದಿಲ್ಲ, ಅಷ್ಟು ಚೆನ್ನಾಗಿತ್ತು ಬೆಳಿಗ್ಗೆ. ಹಿತ್ತಲ ಬಚ್ಚಲದಲ್ಲಿ ಹಂಡೆಗೆ ಉರಿ ಹಾಕಿ, ನೀರು ಕಾಯುವ ತನಕ ನನಗೆ ನಾನೇ ಎಣ್ಣೆ ಹಚ್ಚಿಕೊಂಡೆ. ನೆತ್ತಿಗೆ, ಕಿವಿಯ ಹಿಂದೆ, ಅಂಗಾಲಿಗೆ. ತವರಿನಲ್ಲಿ ಮೂರು ತಿಂಗಳು ಗುಂಡವ್ವ ಎಂಬಾಕೆ ಬಂದು ಎಣ್ಣೆ ತಿಕ್ಕಿ ಎರೆದು ಹೋಗುತ್ತಿದ್ದಳು. ಆಗ ನನ್ನ ಮೈ ಅವಳ ಕೈಯಲ್ಲಿ ಕಣಕದ ಹಾಗೆ ಬಿದ್ದಿರುತ್ತಿತ್ತು. ಈಗ ನನ್ನ ಕೈಗೇ ನನ್ನ ಮೈ ಸಿಕ್ಕಿದೆ. ಹೊಟ್ಟೆಯ ಸಡಿಲು ಚರ್ಮದ ಮೇಲೆ ಕೈ ಆಡಿಸುವಾಗ ನಾಚಿಕೆ ಎನ್ನಿಸಲಿಲ್ಲ.

ಆಮೇಲೆ ವಸು. ಕಾಲು ನೀಡಿ ಕೂತು, ಮೊಣಕಾಲ ಕೆಳಗೆ ಅವಳನ್ನು ಅಂಗಾತ ಮಲಗಿಸಿ ಎಣ್ಣೆ ಹಚ್ಚಿದೆ. ಉರಿಯ ಬೆಳಕು ಅವಳ ಹೊಟ್ಟೆಯ ಮೇಲೆ ಹೊಳೆಯಿತು. ನನ್ನ ಮುಖವನ್ನೇ ನೋಡಿ ಬಾಯಿ ಅಗಲಿಸಿ ನಕ್ಕಳು. ಪಕ್ಕೆಲುಬು ಎಣಿಸಬಹುದು. ಎಣಿಸಲಿಲ್ಲ.

ತಪ್ಪುತ್ತಿರುವುದು ಒಂದೇ, ಒಂಬತ್ತನೆಯ ಸಾಲು. ಸೂರ್ಯ ಮುಳುಗಿದ ಮೇಲೆ ಉಣ್ಣಬಾರದು. ಆರರೊಳಗೆ ಉಂಡರೆ ರಾತ್ರಿ ಎರಡನೆಯ ಸಲ ಹಾಲು ಕುಡಿಸುವಾಗ ಹೊಟ್ಟೆ ಕವಕವ ಅನ್ನುತ್ತದೆ. ನಿನ್ನೆ ಎದ್ದು ಹೋಗಿ ಡಬ್ಬಿಯೊಳಗಿನ ಅಂಟಿನ ಉಂಡಿ ತಿಂದುಬಿಟ್ಟೆ. ಇವತ್ತು ಅರ್ಧ ಉಂಡಿಗೇ ನಿಲ್ಲಿಸಿದೆ. ನೀರು ಕುಡಿದೆ.

ನವೆಂಬರ್ 10, ರವಿವಾರ

ಇವರು ನಿನ್ನೆ ರಾತ್ರಿ ಹತ್ತಕ್ಕೆ ಬಂದರು. ಮುದ್ದೇಬಿಹಾಳದಿಂದ ವಿಜಯಪುರಕ್ಕೆ ಒಂದು ಬಸ್ಸು, ಅಲ್ಲಿಂದ ಇಂಡಿಗೆ ಇನ್ನೊಂದು. ಬಂದವರೇ ವಸುವನ್ನು ಎತ್ತಿಕೊಂಡು, "ಹಗೂರಾಗ್ಯಾಳಲ್ಲ" ಅಂದರು. ಅಂದ ಮೇಲೆ ನನ್ನ ಮುಖ ನೋಡಿ, "ಅಂದ್ರ, ಎತ್ತಲಿಕ್ಕೆ ಹಗೂರ ಅನಸ್ತದ" ಎಂದು ತಿದ್ದಿಕೊಂಡರು.

ನಸುಕಿನಲ್ಲಿ ನಾನು ಏಳುವಾಗ ಕೈ ಹಿಡಿದರು. "ನಾಲ್ಕಕ್ಕ ಎದ್ದು ಏನ ಮಾಡ್ತಿ? ಮೂರಕ್ಕ ಕೂಸು ಎದ್ದಿತ್ತು. ನಡಕಿನ ಒಂದ ತಾಸು ನಿದ್ದಿಗೆ ನಿದ್ದಿ ಅಂತಾರೇನು?"

"ತೂಕ ಏರೂ ತನಕ ಅಷ್ಟ ರೀ."

"ನೀ ಎದ್ರ ಅಕೀ ತೂಕ ಹೆಂಗ ಏರ್ತದ?"

ಗಣಿತದ ಮಾಸ್ತರು. ಮೆಟ್ಟಿಲು ಮೆಟ್ಟಿಲಾಗಿ ಬಿಡಿಸಿ ತೋರಿಸಬೇಕು. ನನಗೆ ಅಷ್ಟು ಹೊತ್ತಿರಲಿಲ್ಲ, ನಾಲಿಗೆ ಹೆರೆಯುವುದಿತ್ತು. ಹಾಳೆಯಲ್ಲಿ ಮಾತು ಕಡಿಮೆ ಮಾಡಬೇಕು ಎಂದೂ ಇದೆ.

ಮಧ್ಯಾಹ್ನ ಉಂಡು ಇವರು ಎರಡು ತಾಸು ಗೊರಕೆ ಹೊಡೆದರು. ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಎಷ್ಟು ಸಲೀಸಾಗಿ ಮಲಗುತ್ತಾರೆ, ದೀಪ ಆರಿಸಿದ ಹಾಗೆ. ಏರಲಿ ಕಫ.

ಹದಿಮೂರು.

ನವೆಂಬರ್ 12, ಮಂಗಳವಾರ

ಏಕಾದಶಿ. ಈ ಮನೆಯಲ್ಲಿ ಇವತ್ತು ಒಲೆ ಹೊತ್ತುವುದಿಲ್ಲ. ಅತ್ಯಾ ನೀರನ್ನೂ ಅಳೆದು ಕುಡಿಯುತ್ತಾರೆ. ಮದುವೆಯಾಗಿ ಬಂದ ಹೊಸತರಲ್ಲಿ ಏಕಾದಶಿ ದಿನ ನಾನು ಮರೆತು ಬಿಸ್ಕೀಟು ತಿಂದದ್ದಕ್ಕೆ ಒಂದು ವಾರ ಚೇಷ್ಟೆ ಮಾಡಿದ್ದರು.

ಬಚ್ಚಲದಿಂದ ಬಂದರೆ ಅಡಿಗೆಮನೆಯಲ್ಲಿ ಗ್ಯಾಸಿನ ಸದ್ದು. ಅತ್ಯಾ ನಿಂತು ಜೋಳದ ಭಕ್ರಿ ಬಡಿಯುತ್ತಿದ್ದರು. ಪಕ್ಕದಲ್ಲಿ ಸಬ್ಬಸಗಿ ಪಲ್ಯ, ಕಾಯಿಸಿದ ತುಪ್ಪ. ನಿನ್ನೆಯಿಂದ ಹೊಟ್ಟೆಗಿಲ್ಲದವರು ಬಿಸಿ ಹಂಚಿನ ಮುಂದೆ ಬೆವರುತ್ತಿದ್ದರು.

"ಅತ್ಯಾ, ಇವತ್ತ ಏಕಾದಶಿ ಅಲ್ಲೇನ್ರಿ?"

"ನನಗದ. ನಿನಗಿಲ್ಲ."

"ನಿಯಮ ಅಂದ್ರ ಎಲ್ಲಾರಿಗೂ..."

"ಯಾರಂದ್ರು? ಕೂಸಿಗಿಲ್ಲ, ಜಡ್ಡಾದವ್ರಿಗಿಲ್ಲ, ಬಸರಿಗಿಲ್ಲ, ಮೊಲಿ ಕೊಡವಾಕಿಗಿಲ್ಲ. ಇಷ್ಟ ಮಂದಿನ್ನ ಬಿಟ್ಟ ಮ್ಯಾಲೆನ ಉಳದವ್ರಿಗೆ ಏಕಾದಶಿ. ನಮ್ಮ ಅತ್ತಿ ನನಗ ಹಿಂಗ ಮಾಡಿ ಹಾಕಿದ್ರು, ನಿಮ್ಮ ಮಾವ ಹೊಟ್ಟ್ಯಾಗ ಕಿಚ್ಚ ಬಿದ್ದಂಗ ನೋಡ್ತಿದ್ರು. ತಿನ್ನು."

ಎರಡು ಭಕ್ರಿ ಹಾಕಿದ್ದರು. ಒಂದು ತಿಂದೆ. ಮಿತವಾಗಿ ಉಣ್ಣಬೇಕು ಎಂದು ಹತ್ತನೆಯ ಸಾಲಿನಲ್ಲಿದೆ. ಉಳಿದದ್ದನ್ನು ಅವರು ಮುಚ್ಚಿಟ್ಟರು.

ಹದಿನಾಲ್ಕು. ಮೊದಲ ಸಲ ಪೂರ್ತಿ.

ನವೆಂಬರ್ 15, ಶುಕ್ರವಾರ

ಕೌಸರಳ ಮೆಸೇಜು: "ಹೆಂಗದೀಲೇ? ಬರ್ತೇನಂದಾಕಿ ಬರಲೇ ಇಲ್ಲ. ಕೂಸು ಹೆಂಗೈತಿ? ನಿದ್ದಿ ಹತ್ತತೈತಿಲ್ಲೋ?"

ಹೆಬ್ಬೆರಳಿನ ಚಿತ್ರ ಕಳಿಸಿದೆ. ಆಮೇಲೆ ಸರಿ ಕಾಣಲಿಲ್ಲವೆಂದು, "ಎಲ್ಲ ಆರಾಮ. ನಿನ್ನ ಹಾಳಿ ಪ್ರಕಾರನ ನಡದೈತಿ" ಎಂದು ಬರೆದೆ. ಅವಳು ನಗುವ ಮುಖ ಕಳಿಸಿದಳು. ಡಾಕ್ಟರಿಗೆ ಸುಳ್ಳು ಹೇಳಿದೆನೇ? ಹಾಳೆಯ ಪ್ರಕಾರ ನಡೆದಿರುವುದು ನಿಜ.

ಹದಿನಾಲ್ಕು.

ನವೆಂಬರ್ 18, ಸೋಮವಾರ

ಲಾಲಬಿ ಅಕ್ಕ ಬಂದಿದ್ದರು. ಚಾಪೆಯ ಮೇಲೆ ಕೂತು ವಸುವಿನ ಕೆನ್ನೆ ಚಿವುಟಿ, ಆಮೇಲೆ ನನ್ನನ್ನೇ ಬಹಳ ಹೊತ್ತು ನೋಡಿದರು.

"ನಿಮ್ಮ ಕಣ್ಣ ಯಾಕ ಒಳಗ ಹೋಗ್ಯಾವು ವೈನಿ?"

"ಕಾಡಿಗಿ ಹಚ್ಚೇನಿ ಅಕ್ಕಾ, ಹಂಗ ಕಾಣಸ್ತದ."

ಅತ್ಯಾ ಒಳಗಿನಿಂದಲೇ, "ಸುಳ್ಳ ಹೇಳ್ತಾಳ ಲಾಲಬಿ. ಹಗಲಿ ಮಲ್ಕೊಳ್ಳಂಗಿಲ್ಲಂತ ಆಣಿ ಮಾಡ್ಯಾಳ" ಅಂದರು.

"ಯಾಕ್ರಿ?"

ಹಾಳೆಯ ವಿಷಯ ಹೇಳಿದೆ. ಲಾಲಬಿ ಅಕ್ಕ ಐದು ಹೆತ್ತವರು, ಓಣಿಯಲ್ಲಿ ನೂರಾರು ಬಾಣಂತಿಯರನ್ನು ನೋಡಿದವರು. ಅವರು ನಗಲಿಲ್ಲ. "ಬಾಣಂತಿಗಿ ಹಗಲ ಯಾವುದು ರಾತ್ರಿ ಯಾವುದ್ರಿ? ಕೂಸು ಮಕ್ಕೊಂಡ್ರ ರಾತ್ರಿ, ಎದ್ರ ಹಗಲು. ನಾ ಅಂತೂ ಹಿಟ್ಟ ನಾದಕೋತ ಮಕ್ಕೊಂಡಾಕಿ. ನಮ್ಮವ್ರು ಎಬ್ಬಸಲಿಲ್ಲ, ತಾವ ರೊಟ್ಟಿ ಮಾಡಿದ್ರು. ಆವತ್ತಿನ ರೊಟ್ಟಿ ಯಾರಿಗೂ ತಿನ್ನಾಕ ಬರಲಿಲ್ಲ, ಅದು ಬ್ಯಾರೆ ಮಾತು."

ಅತ್ಯಾ ಒಳಗೆ ನಗುವುದು ಕೇಳಿಸಿತು. ನಾನೂ ನಕ್ಕೆ. ಒಳ್ಳೆಯವರು. ಆದರೆ ಓದಿದವರು ಬರೆದದ್ದನ್ನು ಹೀಗೆ ಒಂದು ಮಾತಿನಲ್ಲಿ ತೆಗೆದುಹಾಕಲಾಗುತ್ತದೆಯೇ. ಹೋಗುವಾಗ ಬಾಗಿಲಲ್ಲಿ ನಿಂತು, "ಮುಂದಿನ ಸೋಮವಾರ ತೂಗೂನು" ಅಂದರು.

ಇನ್ನು ಏಳು ದಿನ. ಹದಿನಾಲ್ಕು.

ನವೆಂಬರ್ 20, ಬುಧವಾರ

ಚಹಾಕ್ಕೆ ಉಪ್ಪು ಹಾಕಿದೆ. ಅತ್ಯಾ ಒಂದು ಗುಟುಕು ಕುಡಿದು ಬಸಿಯನ್ನು ಸರಿಸಿಟ್ಟು, "ಋಷಿಗಳ ಆಶ್ರಮದಾಗ ಚಹಾ ಹಿಂಗ ಇರ್ತಿತ್ತೇನೋ" ಅಂದರು. ಮತ್ತೆ ತಾವೇ ಎದ್ದು ಬೇರೆ ಮಾಡಿದರು.

ನಾಲಿಗೆ ಹೆರೆದೆನೋ ಇಲ್ಲವೋ ನೆನಪಾಗದೆ ಮತ್ತೆ ಹೆರೆದೆ. ಆಮೇಲೆ ನೋಟ್‌ಬುಕ್ಕಿನಲ್ಲಿ ಮೊದಲೇ ಗುರುತು ಹಾಕಿದ್ದು ಕಂಡಿತು. ಸ್ವಲ್ಪ ರಕ್ತ ಬಂತು. ವಸು ಈಗ ರಾತ್ರಿ ಒಂದೇ ಸಮನೆ ಕುಡಿಯುತ್ತಾಳೆ. ಬಿಡಿಸಿದರೆ ಅಳುತ್ತಾಳೆ, ಹಿಡಿದರೂ ಅಳುತ್ತಾಳೆ.

ಹದಿನಾಲ್ಕು.

ನವೆಂಬರ್ 21, ಶುಕ್ರವಾರ

ಶುಕ್ರವಾರ ಅಲ್ಲ, ಗುರುವಾರ. ಹದಿನಾಲ್ಕು.

ನವೆಂಬರ್ 23, ಶನಿವಾರ

ಇವರು ಈ ವಾರ ಬರುವುದಿಲ್ಲ. ಸಾಲಿಯ ಮಕ್ಕಳನ್ನು ಕರೆದುಕೊಂಡು ತಾಳಿಕೋಟೆಗೆ ಆಟದ ಪಂದ್ಯಕ್ಕೆ ಹೋಗಬೇಕಂತೆ. ಫೋನಿನಲ್ಲಿ, "ನಿನ್ನ ದನಿ ಯಾಕ ಹಂಗಾಗ್ಯದ" ಅಂದರು. ಎಣ್ಣೆ ಬಾಯಲ್ಲಿ ಹಿಡಿಯುತ್ತೇನಲ್ಲ, ಅದಕ್ಕೆ ಅಂದೆ.

ಅಮ್ಮನ ಫೋನೂ ಬಂತು. ಹಿಪ್ಪರಗಿಯಲ್ಲಿ ತೊಗರಿ ಹೂವಿನಲ್ಲಿದೆಯಂತೆ. ನಾನೇನೂ ಹೇಳಲಿಲ್ಲ. ಹೇಳಿದರೆ ನಾಳೆಯೇ ಬಸ್ಸು ಹತ್ತಿ ಬರುತ್ತಾಳೆ, ಅತ್ಯಾ ಏನಂದುಕೊಂಡಾರು.

ಮಧ್ಯಾಹ್ನ ಬಟ್ಟೆ ಒಣಹಾಕುವಾಗ ಅಂಗಳದ ಬಿಸಿಲು ಸ್ವಲ್ಪ ವಾಲಿತು. ತಂತಿ ಹಿಡಿದು ನಿಂತೆ. ಬಿಸಿಲಿನ ಹೊತ್ತಿನಲ್ಲಿ ನಿಲ್ಲಬಾರದೆಂದು ಹಾಳೆಯಲ್ಲಿ ಇಲ್ಲ. ಸೇರಿಸಬೇಕು.

ಹದಿನಾಲ್ಕು.

ನವೆಂಬರ್ 25, ಸೋಮವಾರ

ನಾಲ್ಕು ಕಿಲೊ ಎಂಟುನೂರ ಐವತ್ತು.

ಲಾಲಬಿ ಅಕ್ಕ ಎರಡು ಸಲ ತೂಗಿದರು. ಅಂಗಿ ತೆಗೆದು ಒಮ್ಮೆ, ಮುಳ್ಳು ಸೊನ್ನೆಗೆ ತಂದು ಮತ್ತೊಮ್ಮೆ. ಏರುವ ಮಾತಿರಲಿ, ಐವತ್ತು ಗ್ರಾಂ ಇಳಿದಿದೆ. ಕಾರ್ಡಿನ ಮೇಲೆ ಚುಕ್ಕೆ ಇಟ್ಟು ಗೆರೆ ಎಳೆಯುವಾಗ ಅವರ ಕೈ ನಿಧಾನವಾಯಿತು.

"ಬುಧವಾರ ದವಾಖಾನಿಗಿ ಹೋಗೂನು ವೈನಿ. ಮಕ್ಕಳ ಡಾಕ್ಟರ ಬರ್ತಾರ. ನಾನೂ ಬರ್ತೇನಿ ನಿಮ್ಮ ಜೋಡಿ." ಆಮೇಲೆ ದನಿ ತಗ್ಗಿಸಿ, "ಕೂಸಿಗಿಂತ ಮದ್ಲ ನಿಮ್ಮನ್ನ ತೋರಸಬೇಕಾಗೈತಿ" ಅಂದರು.

ನನ್ನನ್ನು ಯಾಕೆ. ನೋಟ್‌ಬುಕ್ಕು ತೆಗೆದು ನೋಡಿದೆ. ಹನ್ನೆರಡನೇ ತಾರೀಖಿನಿಂದ ಒಂದೂ ಸಾಲು ತಪ್ಪಿಲ್ಲ. ಪ್ರಯೋಗ ಸರಿಯಾಗಿ ಮಾಡಿ ಉತ್ತರ ತಪ್ಪು ಬಂದರೆ ಕಾಲೇಜಿನಲ್ಲಿ ಮತ್ತೆ ಮೊದಲಿನಿಂದ ಮಾಡಿಸುತ್ತಿದ್ದರು, ಇನ್ನೂ ಎಚ್ಚರಿಕೆಯಿಂದ. ನನ್ನ ನಿಷ್ಠೆಯೇ ಸಾಲಲಿಲ್ಲ ಎಂದಾಯಿತು.

ನಾಳೆ ಮತ್ತೆ ಏಕಾದಶಿ. ಅತ್ಯಾ, "ನಿನ್ನ ಸಲುವಾಗಿ ಎರಡ ಭಕ್ರಿ ಬಡೀತೇನಿ" ಅಂದರು. ಬೇಡ, ನಾನೂ ಉಪವಾಸ ಮಾಡುತ್ತೇನೆ ಅಂದೆ. ಅವರು ನನ್ನ ಎದುರು ಕುರ್ಚಿ ಎಳೆದುಕೊಂಡು ಕೂತರು.

"ಮುಕ್ತಾ, ನಾ ನಿನಗ ಏನರೆ ಅಂದೇನೇನು?"

"ಇಲ್ರಿ ಅತ್ಯಾ."

"ಮತ್ತ ಯಾರ ಮ್ಯಾಲೆ ಸಿಟ್ಟು ಇದು?"

ಯಾರ ಮೇಲೂ ಸಿಟ್ಟಿಲ್ಲ. ಹಾಗೆಂದು ಹೇಳಿದೆ. ಅವರು ನನ್ನ ತಲೆಯ ಮೇಲೆ ಕೈ ಇಟ್ಟರು. ಕೈ ಇಟ್ಟಾಗ ಕಣ್ಣು ಮುಚ್ಚಿ ಬಂದವು, ಎದ್ದು ಹೋದೆ.

ನವೆಂಬರ್ 26, ಮಂಗಳವಾರ. ರಾತ್ರಿ ಹನ್ನೊಂದೂಕಾಲು

ಏಳುವುದು, ಆಯಿತು. ಬಿಸಿನೀರು, ಆಯಿತು. ಬೇವು, ನಾಲಿಗೆ, ಎಣ್ಣೆ, ಮೂಗಿಗೆ ತುಪ್ಪ, ಆಯಿತು. ಅಭ್ಯಂಗ, ಆಯಿತು. ಸ್ನಾನ

ಸ್ನಾನದ ಮುಂದೆ ಆಯಿತು ಎಂದು ಬರೆಯಲು ಕೈ ಬರುತ್ತಿಲ್ಲ. ಬೆಳಿಗ್ಗೆಯಿಂದ ನಾಲ್ಕು ಸಲ ಪೆನ್ನು ಹಿಡಿದೆ.

ಕೌಸರ, ಈ ಪುಟ ಯಾರಿಗೂ ತೋರಿಸಲು ಬರೆದದ್ದಲ್ಲ. ಈಗ ಇದರ ಫೋಟೊ ತೆಗೆದು ನಿನಗೆ ಕಳಿಸುತ್ತೇನೆ. ಹಿಂದಿನ ಪುಟಗಳನ್ನೂ ಕಳಿಸುತ್ತೇನೆ, ಬೇಕಾದರೆ ಓದು. ಬಾಯಿಂದ ಹೇಳಲು ಎರಡು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಮಲಗಿರುತ್ತೀಯ.

ಬೆಳಿಗ್ಗೆ ವಸುವಿಗೆ ಎರೆಯುತ್ತಿದ್ದೆ. ಕಾಲು ನೀಡಿ, ಅವಳನ್ನು ಬೋರಲು ಮಲಗಿಸಿ, ಬೆನ್ನ ಮೇಲೆ ನೀರು ಹಾಕುವುದು ನಿನಗೆ ಗೊತ್ತು. ಅವಳ ತಲೆ ನನ್ನ ಪಾದದ ಕಡೆಗಿತ್ತು. ಬಕೀಟಿಗೆ ತಣ್ಣೀರಿನ ನಳ ಬಿಟ್ಟಿದ್ದೆ. ಒಂದು ತಂಬಿಗೆ ನೀರು ಹಾಕಿದ್ದು ನೆನಪಿದೆ. ಎರಡನೆಯದು ನೆನಪಿಲ್ಲ.

"ಮುಕ್ತಾ, ನೀರು ಸುಮ್ಮನ ಹರೀಲಿಕ್ಕತ್ತದಲ್ಲ" ಎಂದು ಹೊರಗಿನಿಂದ ಅತ್ಯಾ ಅಂದರು. ಆಗ ಕಣ್ಣು ಬಿಟ್ಟೆ. ಗೋಡೆಗೆ ಒರಗಿ ಕೂತಿದ್ದೆ, ತಂಬಿಗೆ ಕೈಯಲ್ಲೇ ಇತ್ತು. ಬಕೀಟು ತುಂಬಿ ಹರಿಯುತ್ತಿತ್ತು. ಕೂಸಿನ ಬಟ್ಟೆ ಕೆಳಗೆ ಬಿದ್ದು ನೀರು ಹೋಗುವ ಕಿಂಡಿಗೆ ಅಡ್ಡ ಕೂತಿತ್ತು. ನೀರು ನನ್ನ ಹಿಮ್ಮಡಿ ಮುಳುಗಿಸಿ ಮೇಲಕ್ಕೆ ಬಂದಿತ್ತು. ವಸು ಮುಖವನ್ನು ಒಂದು ಕಡೆ ಹೊರಳಿಸಿಕೊಂಡು ಸುಮ್ಮನೆ ಮಲಗಿದ್ದಳು. ಅವಳ ತುಟಿಗೂ ನೀರಿಗೂ ನಡುವೆ ಎರಡು ಬೆರಳು ಇತ್ತು. ಬೆರಳು ಇಟ್ಟು ನೋಡಲಿಲ್ಲ, ಆದರೆ ಎರಡೇ. ಅವಳು ಆ ನೀರನ್ನು ನೋಡುತ್ತಿದ್ದಳು.

"ಬಂದ ಮಾಡ್ತೇನ್ರಿ ಅತ್ಯಾ" ಅಂದೆ. ದನಿ ಎಂದಿನ ಹಾಗೇ ಬಂತು. ಅವಳನ್ನು ಎತ್ತಿ ಒರೆಸಿ, ಧೂಪ ಹಾಕಿ, ತೊಟ್ಟಿಲಿಗೆ ಹಾಕಿದೆ. ಯಾರಿಗೂ ಗೊತ್ತಿಲ್ಲ. ಅವಳಿಗೆ ಏನೂ ಆಗಿಲ್ಲ, ಸಂಜೆ ನಕ್ಕಳು ಕೂಡ.

ಎಷ್ಟು ಹೊತ್ತು ಮಲಗಿದ್ದೆ ಎಂದು ಇಡೀ ದಿನ ಯೋಚಿಸಿದೆ. ಬಕೀಟು ತುಂಬಲು ಎಷ್ಟು ಹೊತ್ತು ಎಂದು ಮಧ್ಯಾಹ್ನ ಬಚ್ಚಲಕ್ಕೆ ಹೋಗಿ ನಳ ಬಿಟ್ಟು ಗಡಿಯಾರ ಹಿಡಿದು ನೋಡಿದೆ. ಆರು ನಿಮಿಷ. ತುಂಬಿದ ಮೇಲೆ ಹರಿದದ್ದು ಬೇರೆ. ಮೂರು ವಾರದಲ್ಲಿ ಹಗಲು ಮಲಗಿದ್ದು ಅಷ್ಟೇ ನಾನು.

ಇವರಿಗೆ ಹೇಳಿದರೆ ಮುದ್ದೇಬಿಹಾಳದಲ್ಲಿ ರಾತ್ರಿಯಿಡೀ ಕೂತು ಹೆದರುತ್ತಾರೆ, ನಾಳೆ ಮಧ್ಯಾಹ್ನದವರೆಗೆ ಇಲ್ಲಿ ಮುಟ್ಟಲಾರರು. ಅತ್ಯಾ ಗೋಡೆಯ ಆಚೆಗೇ ಇದ್ದಾರೆ. ಎರಡು ಸಲ ಅವರ ಬಾಗಿಲ ತನಕ ಹೋಗಿ ಬಂದೆ. ನಿಮ್ಮ ಮೊಮ್ಮಗಳನ್ನು ನೀರಿನಲ್ಲಿ ಬಿಟ್ಟು ಮಲಗಿದ್ದೆ ಎಂದು ಯಾವ ಬಾಯಿಂದ ಹೇಳಲಿ. ಇವತ್ತೂ ಅವರು ನನಗೆ ಕೇಳದೆ ಭಕ್ರಿ ಬಡಿದಿಟ್ಟಿದ್ದರು. ಸಂಜೆಯ ತನಕ ಹಾಗೇ ಇತ್ತು.

ನಾಲ್ಕಕ್ಕೆ ಇಟ್ಟ ಅಲಾರಂ ತೆಗೆದುಬಿಡು ಅನ್ನುತ್ತೀಯ. ತೆಗೆದೆ. ಅದರಿಂದ ಏನೂ ಆಗುವುದಿಲ್ಲ, ಅದಿಲ್ಲದೆಯೂ ನಾಲ್ಕಕ್ಕೆ ಏಳುತ್ತೇನೆ. ಎದ್ದರೆ ಕೈ ತಾನೇ ಹಂಡೆಗೆ ಉರಿ ಹಾಕುತ್ತದೆ, ಎಣ್ಣೆಯ ಬಟ್ಟಲು ತೆಗೆದುಕೊಳ್ಳುತ್ತದೆ. ನನ್ನನ್ನು ನಾನು ತಡೆದುಕೊಳ್ಳಲಾರೆ ಎಂದು ಇವತ್ತು ಗೊತ್ತಾಗಿದೆ. ನಾಳೆ ಆ ಬಚ್ಚಲದಲ್ಲಿ ಅವಳನ್ನು ಕಾಲ ಮೇಲೆ ಹಾಕಿಕೊಂಡು ಕೂಡಲು ನನಗೆ ಅಂಜಿಕೆ. ಕೂಡದೆ ಇರಲೂ ಅಂಜಿಕೆ.

ಮಲಗು ಎಂದು ಅತ್ಯಾ ದಿನವೂ ಹೇಳಿದರು, ಲಾಲಬಿ ಅಕ್ಕ ಹೇಳಿದರು, ಇವರು ಹೇಳಿದರು. ನಾನು ಎಲ್ಲರಿಗೂ ನಿನ್ನ ಹಾಳೆಯನ್ನು ಅಡ್ಡ ಹಿಡಿದೆ. ಹಾಳೆ ಕೊಟ್ಟವಳು ನೀನು. ನೀನು ಅಂದರೆ ಕೇಳುತ್ತೇನೆ. ಬೈದು ಅನ್ನು, ಕಾಲೇಜಿನಲ್ಲಿ ಬೈಯುತ್ತಿದ್ದ ಹಾಗೆ. ಮಲಗಲೇ ಮುಕ್ತಾ, ಕೂಸನ್ನು ಅತ್ತೆಯ ಕೈಗೆ ಕೊಟ್ಟು ಮಲಗು ಅನ್ನು, ಸಾಕು.

ಆಮೇಲೆ ನಾನು ಫೋನನ್ನು ಅತ್ಯಾ ಕೈಗೆ ಕೊಡುತ್ತೇನೆ. ಬಚ್ಚಲದಲ್ಲಿ ಆದದ್ದನ್ನು ನೀನೇ ಹೇಳು. ನಾನು ಪಕ್ಕದಲ್ಲಿ ನಿಂತಿರುತ್ತೇನೆ, ಎಲ್ಲಿಗೂ ಹೋಗುವುದಿಲ್ಲ.

ನೀನು ನಮಾಜಿಗೆ ಏಳುವ ಹೊತ್ತಿಗೆ ಇಲ್ಲಿ ನಾನು ಉರಿ ಹಾಕಿ ಆಗಿರುತ್ತದೆ, ಅಷ್ಟು ತಡಮಾಡಬೇಡ. ಒಂದು ಗಂಟೆಗೆ ನೀರು ಕುಡಿಯಲು ಎದ್ದು ಇದನ್ನು ನೋಡಿದರೆ ಒಂದು ಗಂಟೆಗೇ ಫೋನ್ ಮಾಡು. ಎರಡಕ್ಕೆ ನೋಡಿದರೆ ಎರಡಕ್ಕೆ. ಕೂಸು ಏಳುತ್ತದೆ, ಮನೆಯವರು ಏಳುತ್ತಾರೆ ಎಂದು ಹಿಂದೆಮುಂದೆ ನೋಡಬೇಡ, ಏಳಲಿ. ಫೋನನ್ನು ಎದೆಯ ಮೇಲೆ ಇಟ್ಟುಕೊಂಡು ಕೂತಿದ್ದೇನೆ. ದನಿ ಪೂರ್ತಿ ಏರಿಸಿದ್ದೇನೆ. ಬೆಳಗಾಗುವುದರೊಳಗೆ ಮಾಡು, ಕೌಸರ. ನಾಲ್ಕರೊಳಗೆ ಮಾಡು.